ಉಡಿಗೆಯೂ ಯೋಗ್ಯತೆಯೂ

೨೦೨೩ನೆಯ ಮಾರ್ಚಿ ತಿಂಗಳಲ್ಲಿ ಲಾಸ್ ಏಂಜಲೀಸ್ ಪಟ್ಟಣದಲ್ಲಿ ಜರುಗಿದ ೯೫ನೆಯ ಆಸ್ಕರ್ ಪಾರಿತೋಷಕ ಸಮಾರಂಭವನ್ನು ನಾವು ವಸತಿಗೃಹದ ಬಾಲಿಕೆಯರೊಡನೆ ದೂರದರ್ಶನದಲ್ಲಿ ನೋಡಿದೆವು. ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆಯವರು ಕಪ್ಪು ನಿಲುವಂಗಿಯನ್ನು ತೊಟ್ಟು, ಹೊಳೆಯುವ ಕಂಠಹಾರವನ್ನು ಧರಿಸಿ ನಿಂತಾಗ, ನಮ್ಮ ಬಿದರಿ ಪಾತ್ರೆಯ ಕರಿಯ ಮೈಮೇಲಿನ ಬೆಳ್ಳಿಯ ಕುಸುರಿಯೇ ನೆನಪಾಯಿತು. ಅವರು ಸಭೆಗೆ ಪರಿಚಯ ಮಾಡಿಕೊಟ್ಟ ‘ನಾಟು ನಾಟು’ ಎಂಬ ತೆಲುಗು ಹಾಡು ಪಾರಿತೋಷಕವನ್ನು ಹೊಂದಿತು. ಆದರೆ ಬಾಲಿಕೆಯರು ಬಹಳವಾಗಿ ಮಾತಾಡಿದ್ದು ಉಡಿಗೆಯ ಕುರಿತೇ.

ಇದನ್ನು ನಾವು ತಪ್ಪೆನ್ನಲಾರೆವು. ಅಂದವಾದದ್ದನ್ನು ಮೆಚ್ಚುವದು ಎಳೆಯರ ಸ್ವಭಾವ. ಉಡಿಗೆಯನ್ನು ಅಣಿಗೊಳಿಸುವದೂ ಒಂದು ವಿದ್ಯೆಯೇ. ಕೊಲ್ಹಾಪುರದಲ್ಲಿ ಹುಟ್ಟಿದ ಭಾನು ಅಥೈಯಾ ಎಂಬವರು ‘ಗಾಂಧಿ’ ಚಿತ್ರದ ವೇಷಭೂಷಣಕ್ಕಾಗಿ ೧೯೮೩ರಲ್ಲಿ ಇದೇ ಪಾರಿತೋಷಕವನ್ನು ಜಾನ್ ಮೊಲ್ಲೊ ಎಂಬವರೊಡನೆ ಪಡೆದರು. ಭಾರತೀಯರಲ್ಲಿ ಅವರೇ ಮೊದಲಿಗರು. ಆ ಚಿತ್ರದ ನಾಯಕನು ಉಟ್ಟದ್ದಾದರೋ ಖಾದಿಯ ತುಂಡು ಪಂಚೆ!

ಆದರೂ ನಮಗೊಂದು ಚಿಂತೆಯುಂಟು. ಕಳೆದ ಬಹುಮಾನ ದಿನದಂದು ಔರಾದ ಕಡೆಯ ಒಬ್ಬ ಬಾಲಿಕೆಯು, ಗಣಿತದಲ್ಲಿ ಮೊದಲನೆಯವಳಾಗಿದ್ದರೂ, ಹೊಸ ಉಡಿಗೆಯಿಲ್ಲವೆಂದು ಸಭೆಗೆ ಬಾರದೆ ಉಳಿದಳು. ಭಾಲ್ಕಿಯ ಒಬ್ಬ ತಂದೆಯವರು ಮಗಳ ಹಟಕ್ಕೆ ಸಾಲಮಾಡಿ ರೇಶಿಮೆ ಲಂಗವನ್ನು ತಂದರೆಂದೂ ಕೇಳಿದೆವು. ವಿದ್ಯೆಗೆ ಸಲ್ಲುವ ಮಾನವನ್ನು ಬಟ್ಟೆ ಕಸಿದುಕೊಳ್ಳಬಾರದು. ಆದುದರಿಂದ ಈ ವರುಷದಿಂದ ಬಹುಮಾನ ಹೊಂದುವವರೆಲ್ಲರೂ ಶಾಲೆಯ ಸಮವಸ್ತ್ರದಲ್ಲಿಯೇ ವೇದಿಕೆಗೆ ಬರತಕ್ಕದ್ದೆಂದು ಗೊತ್ತುಮಾಡಿದ್ದೇವೆ. ಚೆನ್ನಾಗಿ ಹೊಲಿಯಬಲ್ಲವಳಿಗೆ ಹೊಲಿಗೆಯ ಬಹುಮಾನವೂ ಉಂಟು. ತಾಯಂದಿರೂ ಹಳೆಯ ವಿದ್ಯಾರ್ಥಿನಿಯರೂ ಆ ದಿನ ಸಾದಾ ಸೀರೆಯನ್ನುಟ್ಟು ಬಂದರೆ ನಮ್ಮ ಬಾಲಿಕೆಯರಿಗೆ ಧೈರ್ಯವುಂಟಾಗುವದು.