ರಮಝಾನ್, ಸಕ್ಕರೆ ಕಾಯಿಲೆ ಮತ್ತು ನಮ್ಮ ಸಂಕೋಚ

ಆರೋಗ್ಯವು ಅಲ್ಲಾಹನು ಮಾನವನಿಗೆ ದಯಪಾಲಿಸಿರುವ ದೊಡ್ಡ ಅನುಗ್ರಹಗಳಲ್ಲೊಂದು. ಆರೋಗ್ಯ ಮತ್ತು ಬಿಡುವು ಎಂಬ ಎರಡು ಅನುಗ್ರಹಗಳ ವಿಷಯದಲ್ಲಿ ಹೆಚ್ಚಿನವರು ನಷ್ಟಕ್ಕೊಳಗಾಗುತ್ತಾರೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದನ್ನು ಇಮಾಮ್ ಬುಖಾರಿಯವರು ವರದಿ ಮಾಡಿದ್ದಾರೆ. ಶರೀರಕ್ಕೂ ನಮ್ಮ ಮೇಲೆ ಹಕ್ಕಿದೆಯೆಂದು ಅವರು ಕಲಿಸಿದ್ದಾರೆ. ಜುಮಾ ಖುತ್ಬಾದಲ್ಲಿ ಇದನ್ನು ಕೇಳಿ ತಲೆದೂಗುವ ನಾವು, ರಮಝಾನ್ ಬಂದೊಡನೆ ಈ ಹಕ್ಕನ್ನು ಮರೆತುಬಿಡುತ್ತೇವೆ. ಅದರಲ್ಲೂ ಸಕ್ಕರೆ ಕಾಯಿಲೆಯವರು ಮರೆಯುತ್ತಾರೆ. ಅವರು ಮರೆಯುವಂತೆ ಸುತ್ತಲಿನವರು ಮಾಡುತ್ತಾರೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. 13 ಕೋಟಿಗೂ ಹೆಚ್ಚು ಮಂದಿ ಅದರ ಅಂಚಿನಲ್ಲಿದ್ದಾರೆ. ಆದರೆ ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಇದನ್ನು ತಿಳಿಯಲು ಅಧ್ಯಯನವೇ ಬೇಕೆಂದಿಲ್ಲ. ವಿಜಯನಗರ, ಪಾದರಾಯನಪುರ, ಗೋರಿಪಾಳ್ಯ, ಕೆಂಗೇರಿ - ಯಾವ ಬಡಾವಣೆಯ ಮಸೀದಿಯಲ್ಲಾದರೂ ಕುರ್ಚಿಯ ಮೇಲೆ ಕುಳಿತು ನಮಾಝ್ ನಿರ್ವಹಿಸುವವರ ಸಾಲನ್ನು ನೋಡಿದರೆ ಸಾಕು. ಅವರಲ್ಲಿ ಹಲವರಿಗೆ ಮಂಡಿನೋವಿನ ಜೊತೆಗೆ ಶುಗರೂ ಇರುತ್ತದೆ. ಹಗಲೆಲ್ಲ ಅಂಗಡಿಯ ಗಲ್ಲದಲ್ಲಿ ಕೂರುವವರು, ಆಟೋ ಓಡಿಸುವವರು, ಮನೆಯ ನೆಲದ ಮೇಲೆ ಕುಳಿತು ಸಾವಿರಗಟ್ಟಲೆ ಊದುಬತ್ತಿ ಹೊಸೆಯುವ ಹೆಂಗಸರು - ಇವರೆಲ್ಲರ ದುಡಿಮೆಯೂ ಕೂತಲ್ಲೇ. ಕೈಗೆ ಬಿಡುವಿಲ್ಲ, ಕಾಲಿಗೆ ಕೆಲಸವಿಲ್ಲ.

ಈಗ ರಮಝಾನ್ ಫೆಬ್ರವರಿ-ಮಾರ್ಚ್ ತಿಂಗಳುಗಳಲ್ಲಿ ಬರುತ್ತಿದೆ. ಬೆಂಗಳೂರಿನಲ್ಲಿ ಆಗ ಉಪವಾಸದ ಅವಧಿ ಸುಮಾರು 13 ಗಂಟೆ. ಆರೋಗ್ಯವಂತನಿಗೆ ಇದು ದೊಡ್ಡ ಮಾತಲ್ಲ. ಆದರೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವನಲ್ಲಿ ಹೊಟ್ಟೆ ಖಾಲಿಯಿದ್ದರೂ ಔಷಧವು ತನ್ನ ಕೆಲಸವನ್ನು ನಿಲ್ಲಿಸುವುದಿಲ್ಲ. ರಕ್ತದ ಸಕ್ಕರೆ ಇಳಿಯುತ್ತಲೇ ಹೋಗುತ್ತದೆ. ಅಸರ್ ಹೊತ್ತಿಗೆ ಕೈ ನಡುಗುತ್ತದೆ, ತಣ್ಣನೆಯ ಬೆವರು ಬರುತ್ತದೆ, ಮಾತು ತೊದಲುತ್ತದೆ. ಮನೆಯವರು ಇದನ್ನು ಉಪವಾಸದ ಆಯಾಸವೆಂದುಕೊಂಡು ಮಲಗಿಸುತ್ತಾರೆ. ಅಪಾಯವಿರುವುದು ಅಲ್ಲಿಯೇ. 13 ದೇಶಗಳ 12 ಸಾವಿರಕ್ಕೂ ಹೆಚ್ಚು ಮುಸ್ಲಿಮ್ ಮಧುಮೇಹಿಗಳನ್ನು ಒಳಗೊಂಡು 2004ರಲ್ಲಿ ಪ್ರಕಟವಾದ ಎಪಿಡಯಾರ್ ಅಧ್ಯಯನದಲ್ಲಿ, ಸಾಮಾನ್ಯವಾಗಿ ವಯಸ್ಕರಿಗೆ ಬರುವ ಎರಡನೆಯ ಬಗೆಯ ಮಧುಮೇಹದವರಲ್ಲಿ ಸಕ್ಕರೆ ತೀವ್ರವಾಗಿ ಕುಸಿಯುವ ಪ್ರಸಂಗಗಳು ರಮಝಾನಿನಲ್ಲಿ ಇತರ ತಿಂಗಳುಗಳಿಗಿಂತ ಏಳು ಪಟ್ಟಿಗೂ ಮೀರಿ ಹೆಚ್ಚಿದ್ದವು. ಇನ್ನು ಕೆಲವರು ಮಾತ್ರೆಯನ್ನೇ ತಿಂಗಳ ಕಾಲ ಬಿಟ್ಟುಬಿಡುತ್ತಾರೆ. ಇಫ್ತಾರಿನಲ್ಲಿ ಶರಬತ್ತು, ಸಮೋಸ, ಮತ್ತೆ ಬಿರಿಯಾನಿ ತಿಂದಾಗ ಅವರ ಸಕ್ಕರೆ ಏರುವ ಎತ್ತರವನ್ನು ಅಳೆಯುವವರೇ ಇಲ್ಲ.

ಕುರ್‌ಆನ್ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಉಪವಾಸವನ್ನು ಕಡ್ಡಾಯಗೊಳಿಸಿದ ಅಲ್‌ಬಕರ ಅಧ್ಯಾಯದ ಸೂಕ್ತಗಳಲ್ಲೇ (2:184-185) ರೋಗಿಗೂ ಪ್ರಯಾಣಿಕನಿಗೂ ವಿನಾಯಿತಿ ಕೊಡಲಾಗಿದೆ. ಅಲ್ಲಾಹನು ನಿಮಗೆ ಸೌಲಭ್ಯವನ್ನು ಬಯಸುತ್ತಾನೆಯೇ ಹೊರತು ಕಷ್ಟವನ್ನಲ್ಲ ಎಂಬ ಆಶಯವೂ ಅಲ್ಲಿಯೇ ಇದೆ. ಅಂದರೆ ವಿನಾಯಿತಿಯು ಆಜ್ಞೆಯ ಹೊರಗಿನದಲ್ಲ, ಆಜ್ಞೆಯದೇ ಭಾಗ. ಮಕ್ಕಾ ವಿಜಯದ ಪ್ರಯಾಣದಲ್ಲಿ ಸಹಾಬಿಗಳಿಗೆ ಉಪವಾಸ ಕಷ್ಟವಾದಾಗ ಪ್ರವಾದಿ(ಸ)ಯವರು ಅಸರ್ ನಂತರ ನೀರಿನ ಪಾತ್ರೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಕುಡಿದರು. ಆ ಬಳಿಕವೂ ಕೆಲವರು ಉಪವಾಸ ಮುಂದುವರಿಸಿದ್ದಾರೆಂದು ತಿಳಿದಾಗ ಅವರನ್ನು ಅವಿಧೇಯರೆಂದು ಕರೆದರು. ಇದು ಸಹೀಹ್ ಮುಸ್ಲಿಮ್‌ನಲ್ಲಿರುವ ಘಟನೆ.

ಅಬೂದಾವೂದ್‌ನಲ್ಲಿರುವ ಇನ್ನೊಂದು ಘಟನೆಯು ನಮ್ಮನ್ನು ಹೆಚ್ಚು ಕಾಡಬೇಕು. ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲು ತಗುಲಿ ಗಾಯವಾಗಿತ್ತು. ಅವರಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್ ಮಾಡಬಹುದೇ ಎಂದು ಅವರು ಸಂಗಡಿಗರಲ್ಲಿ ಕೇಳಿದರು. ನೀರಿರುವಾಗ ನಿನಗೆ ರಿಯಾಯಿತಿಯಿಲ್ಲವೆಂದು ಸಂಗಡಿಗರು ಹೇಳಿದರು. ಸ್ನಾನ ಮಾಡಿದ ಅವರು ತೀರಿಕೊಂಡರು. ಸುದ್ದಿ ತಿಳಿದ ಪ್ರವಾದಿ(ಸ)ಯವರು, ಅವರನ್ನು ಕೊಂದದ್ದು ಆ ಸಂಗಡಿಗರೇ ಎಂದು ಕೋಪಗೊಂಡರು. ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು ಎಂದರು. "ನನಗೂ ಶುಗರ್ ಇದೆ, ನಾನು ರೋಝಾ ಹಿಡಿಯುವುದಿಲ್ಲವೇ? ನೀವೂ ಧೈರ್ಯ ಮಾಡಿ" ಎಂದು ಮಸೀದಿಯ ಮೆಟ್ಟಿಲ ಮೇಲೆ ಸಲಹೆ ಕೊಡುವವರಿಗೆ ಈ ಘಟನೆಯನ್ನು ಯಾರಾದರೂ ನೆನಪಿಸಬೇಕು.

ನಮ್ಮ ತಾಯಿಯವರಿಗೆ ಇನ್ಸುಲಿನ್ ಆರಂಭವಾದ ವರ್ಷ ವೈದ್ಯರೂ ಇಮಾಮರೂ ಒಂದೇ ಮಾತು ಹೇಳಿದರು: ಉಪವಾಸ ಬೇಡ, ಫಿದ್ಯಾ ಕೊಡಿ. ತಾಯಿಯವರು ಒಪ್ಪಿದರು. ಆದರೆ ಮೊದಲ ದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಒಲೆಯ ಪಕ್ಕ ನಿಂತೇ ಎರಡು ಇಡ್ಲಿಗಳನ್ನು ಅವಸರದಲ್ಲಿ ನುಂಗಿದರು. "ಯಾಕಮ್ಮಿ, ಬಾಗಿಲು ಯಾಕೆ?" ಎಂದು ಕೇಳಿದೆವು.

"ಮಕ್ಕಳು ರೋಝಾ ಇದ್ದಾರೆ. ದಾದಿ ತಿನ್ನೋದನ್ನ ಅವರು ನೋಡಬಾರದು. ಐವತ್ತು ವರ್ಷ ಬಿಡದೆ ಹಿಡಿದಿದ್ದೇನೆ. ಈಗ ಯಾವ ಮುಖ ಇಟ್ಟುಕೊಂಡು ಇಫ್ತಾರ್‌ಗೆ ಕೂರಲಿ?"

ಮರುದಿನದಿಂದ ಅವರ ತಟ್ಟೆಯನ್ನು ನಡುಮನೆಯಲ್ಲಿಟ್ಟೆವು. ಉಪವಾಸವಿದ್ದ ನಾವು ಅವರ ಪಕ್ಕದಲ್ಲೇ ಕುಳಿತೆವು. ಮೊದಲ ಬಾರಿಗೆ ಇಡೀ ತಿಂಗಳು ರೋಝಾ ಹಿಡಿದಿದ್ದ 12 ವರ್ಷದ ಹುಡುಗಿ ದಾದಿಯ ಮಾತ್ರೆಗೆ ನೀರು ತಂದುಕೊಡುವ ಹೊಣೆ ಹೊತ್ತಳು. ರಸ್ತೆಯಲ್ಲಿ ತಿಂದು ರಮಝಾನಿನ ಗೌರವಕ್ಕೆ ಭಂಗ ತರಬೇಕೆಂದು ನಾವು ಹೇಳುತ್ತಿಲ್ಲ. ಸ್ವಂತ ಮನೆಯಲ್ಲಿ ರೋಗಿಯು ಕಳ್ಳರಂತೆ ತಿನ್ನಬಾರದು ಎನ್ನುತ್ತಿದ್ದೇವೆ. ತಿಂಗಳ ಕೊನೆಯಲ್ಲಿ ಪಕ್ಕದ ಮನೆಯವರು ಬಂದಾಗ ತಾಯಿಯವರೇ, "ನನಗೆ ಅಲ್ಲಾಹನೇ ರಜೆ ಕೊಟ್ಟಿದ್ದಾನಮ್ಮಾ" ಎಂದು ನಕ್ಕರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಧ್ವನಿ ತಗ್ಗಿಸಿ, ನೀವು ಯಾವ ಡಾಕ್ಟರರ ಬಳಿ ಹೋಗುತ್ತೀರಿ ಎಂದು ಕೇಳಿದರು.

ಶುಗರ್ ಇರುವ ಎಲ್ಲರೂ ಉಪವಾಸ ಬಿಡಬೇಕೆಂಬುದು ಇದರರ್ಥವಲ್ಲ. ಪಥ್ಯದಿಂದ ಅಥವಾ ಮೆಟ್‌ಫಾರ್ಮಿನ್‌ನಂತಹ ಮಾತ್ರೆಯಿಂದ ಸಕ್ಕರೆ ಹತೋಟಿಯಲ್ಲಿರುವ ಅನೇಕರು ಸುರಕ್ಷಿತವಾಗಿ ಉಪವಾಸ ಹಿಡಿಯುತ್ತಾರೆ. ಅದನ್ನು ನಿರ್ಧರಿಸಬೇಕಾದವರು ವೈದ್ಯರು. ನಿರ್ಧರಿಸಬೇಕಾದ ಕಾಲ ಚಂದ್ರದರ್ಶನದ ಹಿಂದಿನ ಸಂಜೆಯಲ್ಲ. ಆರರಿಂದ ಎಂಟು ವಾರ ಮುಂಚೆ, ಅಂದರೆ ರಜಬ್ ತಿಂಗಳಲ್ಲೇ, ತಡವಾದರೆ ಶಅಬಾನಿನ ಆರಂಭದಲ್ಲಿ. ಮಾತ್ರೆಯ ಹೊತ್ತನ್ನು ಇಫ್ತಾರ್-ಸಹರಿಗಳಿಗೆ ಹೊಂದಿಸಲು, ಪ್ರಮಾಣವನ್ನು ಇಳಿಸಲು ಇಷ್ಟು ಕಾಲ ಬೇಕು. 2023ರಲ್ಲಿ ನಗರದ ವಾರ್ಡುಗಳಲ್ಲಿ ತೆರೆದ 'ನಮ್ಮ ಕ್ಲಿನಿಕ್'ಗಳಲ್ಲಿ ಶುಗರ್, ಬಿ.ಪಿ. ತಪಾಸಣೆ ಉಚಿತ. ಕಾರ್ಖಾನೆಗಳಲ್ಲಿ ದುಡಿಯುವ ವಿಮಾದಾರರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಿದೆ. ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದರೆ ಉಪವಾಸ ಮುರಿಯುತ್ತದೆಂಬ ಭಯ ಇನ್ನೂ ಹಲವರಲ್ಲಿದೆ. ಅದರಿಂದ ಉಪವಾಸ ಮುರಿಯುವುದಿಲ್ಲವೆಂದು ವಿದ್ವಾಂಸರು ಹೇಳಿದ್ದಾರೆ. ಪರೀಕ್ಷೆಯಲ್ಲಿ 70ಕ್ಕಿಂತ ಕಡಿಮೆ ಅಥವಾ 300ಕ್ಕಿಂತ ಹೆಚ್ಚು ಬಂದರೆ, ಮಗ್ರಿಬ್‌ಗೆ ಹತ್ತೇ ನಿಮಿಷ ಬಾಕಿಯಿದ್ದರೂ ಉಪವಾಸ ಬಿಡಬೇಕೆಂಬುದು ವೈದ್ಯರ ಸಲಹೆ. ಗುಣವಾಗುವ ನಿರೀಕ್ಷೆಯಿರುವ ರೋಗಿ ಬಿಟ್ಟ ಉಪವಾಸಗಳನ್ನು ನಂತರ ಖಝಾ ಮಾಡಬಹುದು. ಡಿಸೆಂಬರಿನ ಹಗಲು ಚಿಕ್ಕದು, ಬಿಸಿಲೂ ಕಡಿಮೆ. ಗುಣವಾಗದ ರೋಗವಾದರೆ ದಿನಕ್ಕೊಬ್ಬ ಬಡವರಿಗೆ ಆಹಾರ.

ಉಪವಾಸ ಹಿಡಿಯುವ ಮಧುಮೇಹಿಯು ಸಹರಿಯನ್ನು ತಪ್ಪಿಸಬಾರದು, ಆದಷ್ಟು ಕೊನೆಯ ಹೊತ್ತಿನಲ್ಲಿ ಉಣ್ಣಬೇಕು. ರಾಗಿಮುದ್ದೆ, ಬೇಳೆಸಾರು, ಸೊಪ್ಪು, ಒಂದು ಮೊಟ್ಟೆ ನಮ್ಮ ಸೀಮೆಗೆ ಹೊಂದುವ ಸಹರಿ. ಆದರೆ ರಾಗಿ ಎಂದ ಮಾತ್ರಕ್ಕೆ ಎಷ್ಟು ತಿಂದರೂ ಸರಿಯೆಂದಲ್ಲ. ನುಣ್ಣನೆಯ ಹಿಟ್ಟಿನ ಗಂಜಿ ಸಕ್ಕರೆಯನ್ನು ಬೇಗನೆ ಏರಿಸುತ್ತದೆ. ಇಫ್ತಾರಿಗೆ ಒಂದೆರಡು ಖರ್ಜೂರ, ನೀರು, ಶರಬತ್ತು ಬೇಡ. ಅಸರ್ ನಂತರ ವೇಗದ ನಡಿಗೆ ಬೇಡ. ತರಾವೀಹ್‌ನ ರುಕೂಅ್-ಸುಜೂದ್‌ಗಳನ್ನೇ ವೈದ್ಯರು ಆ ತಿಂಗಳ ವ್ಯಾಯಾಮದ ಲೆಕ್ಕಕ್ಕೆ ಹಿಡಿಯುತ್ತಾರೆ. ಉಳಿದ ಹನ್ನೊಂದು ತಿಂಗಳು ಮಾತ್ರ ನಡೆಯಲೇಬೇಕು. ಜ್ಞಾನಭಾರತಿಯ ಮರಗಳ ನಡುವೆ ಫಜ್ರ್ ನಂತರ ನಡೆಯುವವರಲ್ಲಿ ಟೋಪಿ ಧರಿಸಿದವರನ್ನೂ ಈಗೀಗ ಕಾಣುತ್ತಿದ್ದೇವೆ. ಬುರ್ಖಾ ಧರಿಸಿದವರು ಮಾತ್ರ ವಿರಳ.

ಮಸೀದಿಯ ಆವರಣದಲ್ಲಿ ಶುಗರ್ ತಪಾಸಣಾ ಶಿಬಿರ ನಡೆದರೆ ಬರುವವರು ಹೆಚ್ಚಾಗಿ ಗಂಡಸರು. ಊದುಬತ್ತಿ ಹೊಸೆಯುವ ಹೆಣ್ಣುಮಗಳು ಜುಮಾ ಮುಗಿದ ಆ ಹೊತ್ತಿನಲ್ಲಿ ಮನೆಯವರಿಗೆ ಊಟ ಬಡಿಸುತ್ತಿರುತ್ತಾಳೆ. ಮಕ್ಕಳನ್ನು ಮದ್ರಸಾಕ್ಕೆ ಬಿಡಲು ಸಂಜೆ ಬಂದು ಅವಳು ಬಾಗಿಲಲ್ಲಿ ಐದು ನಿಮಿಷ ನಿಲ್ಲುತ್ತಾಳಲ್ಲ, ಶಅಬಾನಿನ ಒಂದು ವಾರ ತಪಾಸಣೆಯ ಮೇಜನ್ನು ಅಲ್ಲಿ ಹಾಕಲು ಮಸೀದಿ ಕಮಿಟಿಗಳಿಗೆ ಹೆಚ್ಚಿನ ಖರ್ಚೇನೂ ಬೀಳದು.