ಯಾರಿಗೆ ನೀನು, ಯಾರಿಗೆ ನೀವು?

ನಮ್ಮ ಟೀಮಿಗೆ ಹೊಸದಾಗಿ ಬಂದ ಲಖನೌ ಹುಡುಗಿಗೆ ಕನ್ನಡ ಕಲಿಯೋ ಆಸೆ. ದಿನಾ ಊಟದ ಹೊತ್ತಿನಲ್ಲಿ ಹತ್ತು ನಿಮಿಷ ನಾನೇ ಟೀಚರ್. ಮೊದಲ ದಿನ ಟಿಶ್ಯೂ ಪೇಪರ್ ಮೇಲೆ ಬರೆದುಕೊಟ್ಟೆ: ನಾನು, ನಾವು, ನೀನು, ನೀವು, ಅವನು, ಅವಳು, ಅವರು, ಅದು, ಅವು. ಹತ್ತಿರ ಇದ್ದರೆ 'ಅ' ಬದಲು 'ಇ' ಹಾಕು. ಇವನು, ಇವಳು, ಇವರು, ಇದು, ಇವು. "ಇಷ್ಟೇನಾ?" ಅಂದಳು. ಇಷ್ಟೇ ಅಂತ ನಾನೂ ಅಂದ್ಕೊಂಡಿದ್ದೆ.

ಹಿಂದಿಯಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ 'ವೋ'. ಹಾಗಾಗಿ ಒಂದು ವಾರ "ಅವನು ಬಂದಳು" ಅಂತ ನಮ್ಮನ್ನೆಲ್ಲ ನಗಿಸಿದಳು. "'ಬಂದಳು' ಅಂದ್ರೆ ಸಾಕು, ಯಾರು ಅಂತ ಅದರ ಬಾಲವೇ ಹೇಳುತ್ತೆ" ಅಂದೆ. ಅದೂ ಕೂತಿತು.

ಕಷ್ಟ ಶುರುವಾಗಿದ್ದು ನೀನು–ನೀವು ಬಂದಾಗ. "ಚಿಕ್ಕವರಿಗೆ, ಫ್ರೆಂಡ್ಸ್‌ಗೆ ನೀನು. ದೊಡ್ಡವರಿಗೆ, ಪರಿಚಯ ಇಲ್ಲದವರಿಗೆ ನೀವು" ಅಂತ ಹೇಳಿಕೊಟ್ಟೆ. ಅಷ್ಟರಲ್ಲೇ ಅಮ್ಮನ ಫೋನ್. "ಊಟ ಮಾಡಿದ್ಯಾಮ್ಮಾ ನೀನು? ಅಪ್ಪ ಬಂದ್ರಾ?" ಅಂತ ಮಾತಾಡಿ ಇಟ್ಟೆ.

"ಅಮ್ಮ ದೊಡ್ಡವರಲ್ವಾ? ಅಪ್ಪಂಗೆ ಮಾತ್ರ ಯಾಕೆ ಬಹುವಚನ?"

"ಅಮ್ಮನ ಹತ್ರ ಸಲಿಗೆ ಜಾಸ್ತಿ. ದೇವರನ್ನೂ ನಾವು ನೀನು ಅಂತಾನೇ ಕರೆಯೋದು" ಅಂದೆ. ಉತ್ತರ ನನಗೇ ಚೆನ್ನಾಗಿದೆ ಅನ್ನಿಸಿತು.

ಎರಡು ದಿನ ಬಿಟ್ಟು ಪ್ಯಾಂಟ್ರಿಯಲ್ಲಿ ಟೇಬಲ್ ಮೇಲೆ ಸಾಂಬಾರ್ ಚೆಲ್ಲಿತ್ತು. ನಮ್ಮ ಫ್ಲೋರ್ ಕ್ಲೀನ್ ಮಾಡೋ ಹೆಂಗಸನ್ನ ಕರೆದೆ. ವಯಸ್ಸು ಅಮ್ಮನಷ್ಟೇ ಇರಬಹುದು. "ಏನಮ್ಮಾ, ಇದನ್ನ ಒರೆಸಿಲ್ವಾ ನೀನು?" ಅಂದೆ. ಆಕೆ ಓಡಿ ಬಂದು ಒರೆಸಿದರು. ನನ್ನ ಶಿಷ್ಯೆ ಹೊಸದಾಗಿ ಕಲಿತ ಕನ್ನಡದಲ್ಲಿ ನಿಧಾನಕ್ಕೆ ಕೇಳಿದಳು: "ನೀವು ಊಟ ಮಾಡಿದ್ರಾ?" ಆಕೆ ಒಂದು ಕ್ಷಣ ಸುಮ್ಮನೆ ನಿಂತು, ಆಮೇಲೆ ಮುಖ ಅರಳಿಸಿ, "ಆಯ್ತು ಮೇಡಂ, ನಿಮ್ದಾಯ್ತಾ?" ಅಂದರು.

ಸೀಟಿಗೆ ವಾಪಸ್ ಬರುವಾಗ ಅವಳು ಕೇಳಿದಳು: "ಇವರ ಹತ್ರಾನೂ ಸಲಿಗೇನಾ?"

ವ್ಯಂಗ್ಯ ಇರಲಿಲ್ಲ. ನಿಜಕ್ಕೂ ಗೊತ್ತಾಗದೆ ಕೇಳಿದ್ದು. ನಾನು ಏನೋ ಹೇಳಿ ಜಾರಿಕೊಂಡೆ. ಆದರೆ ರಾತ್ರಿ ಮಲಗಿದಾಗ ಲೆಕ್ಕ ಸರಿಯಾಗಿ ಕಂಡಿತು. ಅಮ್ಮ ನನಗೆ ನೀನು ಅಂತಾಳೆ, ನಾನು ಅಮ್ಮನಿಗೆ ನೀನು ಅಂತೀನಿ. ಸಲಿಗೆ ಅಂದ್ರೆ ಅದು, ಎರಡೂ ಕಡೆಯಿಂದ ಬರುವಂಥದ್ದು. ಆ ಹೆಂಗಸಿಗೆ ನಾನು ನೀನು. ಆಕೆ ನನಗೆ ಮೇಡಂ, ನೀವು. ಎರಡು ವರ್ಷದಲ್ಲಿ ಆಕೆಯ ಹೆಸರನ್ನೂ ಕೇಳಿರಲಿಲ್ಲ ನಾನು.

ಮಾರನೇ ದಿನ ಬೆಳಿಗ್ಗೆ ಪ್ರಯತ್ನ ಮಾಡಿದೆ. "ನೀವು ತಿಂಡಿ ತಿಂದ್ರಾ?" ಆಕೆ ಗಾಬರಿಯಾಗಿ ಕೈಲಿದ್ದ ಬಟ್ಟೆ ಕೆಳಗಿಟ್ಟರು. "ಯಾಕೆ ಮೇಡಂ, ಏನಾದ್ರೂ ತಪ್ಪು ಮಾಡಿದ್ನಾ?"

ಆಮೇಲೆ ಹೆಸರು ಕೇಳಿದೆ. ಈಗ ಹೆಸರು ಹಿಡಿದು, ಕೊನೆಗೊಂದು 'ಅವರೇ' ಸೇರಿಸಿ ಕರೀತೀನಿ. ಅವಸರದಲ್ಲಿ ಇನ್ನೂ ಕೆಲವೊಮ್ಮೆ 'ನೀನು' ಬಂದುಬಿಡುತ್ತೆ. ಆಗೆಲ್ಲ ಲಖನೌ ಹುಡುಗಿ ನನ್ನ ಕಡೆ ನೋಡ್ತಾಳೆ, ನಾನು ತಿದ್ದಿಕೊಳ್ತೀನಿ.