ಪಟ್ಟಿ ಬರೆದ ಮೇಲಿನ ಪ್ರಾರ್ಥನೆ

ನಾನು ದಿನವನ್ನು ದೇವರಿಗೆ ಒಪ್ಪಿಸುವುದು ಅದರ ಪಟ್ಟಿ ಬರೆದಾದ ಮೇಲೆ. ರಾತ್ರಿ ಪಾತ್ರೆ ತೊಳೆದಿಟ್ಟು, ಹೊಸವರ್ಷಕ್ಕೆಂದು ಸಭೆಯಲ್ಲಿ ಕೊಟ್ಟ ಡೈರಿ ತೆರೆದು, ನಾಳೆಯ ಕೆಲಸಗಳನ್ನು ಗಂಟೆವಾರು ಬರೆಯುತ್ತೇನೆ: ಬ್ಯಾಂಕು, ಗ್ಯಾಸ್ ಬುಕಿಂಗ್, ಸಂಡೇಸ್ಕೂಲಿನ ಪಾಠ, ಯಾರ ಮನೆಗೆ ಹೋಗಬೇಕು, ಎಷ್ಟು ಹೊತ್ತಿಗೆ ಅಲ್ಲಿಂದ ಏಳಬೇಕು. ಬೆಳಿಗ್ಗೆ ಬೈಬಲ್ ಓದಿ, ಕಣ್ಣು ಮುಚ್ಚಿ, ‘ಕರ್ತನೇ, ಈ ದಿನ ನಿನ್ನದು’ ಅನ್ನುತ್ತೇನೆ. ಗುಮಾಸ್ತ ಫೈಲು ಸಿದ್ಧಮಾಡಿ ಸಾಹೇಬರ ಮೇಜಿನ ಮೇಲೆ ಇಟ್ಟ ಹಾಗೆ. ಓದಿ ನೋಡಲಿ ಎಂದಲ್ಲ, ಸಹಿ ಬೀಳಲಿ ಎಂದು.

ಅಭ್ಯಾಸಬಲ ಎಂದು ತಳ್ಳಿಹಾಕಬಹುದು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಜೂನ್ ಬಂತೆಂದರೆ ಇಡೀ ಶಾಲೆಯ ವೇಳಾಪಟ್ಟಿ ನನ್ನ ತಲೆಗೇ ಬರುತ್ತಿತ್ತು. ಎಲ್ಲರ ಪಿರಿಯಡ್ಡೂ ಒಂದಕ್ಕೊಂದು ಅಡ್ಡಬಾರದಂತೆ ಕೂರಿಸುವುದರಲ್ಲಿ ಒಂದು ಸುಖವಿದೆ, ಅನುಭವಿಸಿದವರಿಗೇ ಗೊತ್ತು. ನಿವೃತ್ತಿಯಾದ ಮೇಲೆ ಹೊಂದಿಸಲು ಶಾಲೆ ಇಲ್ಲ, ಮನೆಯವರು ಸಿಕ್ಕರು. ಮಗಳ ಮದುವೆಯನ್ನು ‘ಎಲ್ಲ ದೇವರ ಕೈಗೆ ಒಪ್ಪಿಸಿಬಿಟ್ಟಿದ್ದೇನೆ’ ಎಂದು ಮಹಿಳಾ ಕೂಟದಲ್ಲಿ ಸಾಕ್ಷಿ ಹೇಳಿದೆ. ಒಪ್ಪಿಸಿದ್ದು ನಿಜ, ಜೊತೆಗೆ ಹುಡುಗನ ಓದು, ಸಂಬಳ, ಅವನ ಸಭೆ, ಮದುವೆಯ ತಿಂಗಳು, ಇವನ್ನೂ ಒಪ್ಪಿಸಿದ್ದೆ. ಕುಟುಂಬ ಪ್ರಾರ್ಥನೆಯಲ್ಲಿ ಇವೆಲ್ಲ ಒಂದೊಂದಾಗಿ ಬರುವುದನ್ನು ಕೇಳಿ ಕೇಳಿ ಬೇಸತ್ತ ಮಗಳು ಒಂದು ಸಂಜೆ ಆಮೆನ್ ಆದ ಕೂಡಲೆ, ‘ಅಮ್ಮಾ, ಇನ್ನೇನು ಉಳೀತು ದೇವರು ಮಾಡೋಕೆ?’ ಅಂದಳು. ಸಿಟ್ಟು ಬಂತು, ಇಳಿಯಿತು. ಪ್ರಶ್ನೆ ಹೋಗಲಿಲ್ಲ.

ನಾನೊಬ್ಬಳೇ ಹೀಗೆ ಎಂದರೆ ಅದು ವಿನಯದ ಸೋಗಾದೀತು. ನಮ್ಮ ಸಭೆಗಳಲ್ಲಿ ‘ದೇವರ ಚಿತ್ತ’ ಎಂಬ ಮಾತು ಎಷ್ಟು ಸಲೀಸಾಗಿ ಓಡಾಡುತ್ತದೆ ನೋಡಿ. ನಮಗೆ ಬೇಕಾದ ಅಯ್ಯನವರು ವರ್ಗವಾಗಿ ಬಂದರೆ ದೇವರ ಚಿತ್ತ, ಬೇಡವಾದವರು ಬಂದರೆ ಡಯಾಸಿಸ್ ರಾಜಕೀಯ. ಗಂಡನನ್ನು ಕಳೆದುಕೊಂಡವಳ ಎದುರು ಕುರ್ಚಿ ಎಳೆದುಕೊಂಡು ಕೂತು ಅದೇ ಮಾತು ಆಡುತ್ತೇವೆ. ಅವಳು ದೇವರನ್ನು ಏನೋ ಕೇಳುವುದರಲ್ಲಿರುತ್ತಾಳೆ. ನಮ್ಮ ಮಾತು ಅವಳ ಬಾಯಿ ಮುಚ್ಚಿಸುತ್ತದೆ. ಪರರ ಪಾಲಿನದನ್ನು ದೇವರಿಗೆ ಒಪ್ಪಿಸುವಾಗ ನಮ್ಮಷ್ಟು ಧಾರಾಳಿಗಳು ಇನ್ನಿಲ್ಲ.

ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ವಾಗ್ದಾನ ವಾಕ್ಯದ ಚೀಟಿ ಎತ್ತುತ್ತೇವಲ್ಲ, ಅಲ್ಲೂ ನನ್ನ ಬುದ್ಧಿ ಬಿಡುವುದಿಲ್ಲ. ಸಮೃದ್ಧಿ, ಬಿಡುಗಡೆ ಎಂದೇನಾದರೂ ಬಂದರೆ ಬೀರುವಿನ ಕನ್ನಡಿಗೆ ಅಂಟಿಸುತ್ತೇನೆ. ತಾಳ್ಮೆಯಿಂದ ಕಾದಿರು ಎನ್ನುವಂಥದ್ದು ಬಂದರೆ ಅದು ಬೈಬಲಿನ ನಡುವೆ ಎಲ್ಲೋ ಸೇರಿಕೊಂಡುಬಿಡುತ್ತದೆ.

ಚೀಟಿ ಎತ್ತಿ ದೇವರಿಗೆ ತೀರ್ಮಾನ ಬಿಟ್ಟವರಲ್ಲಿ ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯವರೂ ಒಬ್ಬರು ಎಂದು ತಿಳಿದಾಗ ನನಗೆ ಸ್ವಲ್ಪ ಸಮಾಧಾನವಾಯಿತು, ಸುಳ್ಳೇಕೆ ಹೇಳಲಿ. ಹಳೆ ಮೈಸೂರಿನ ನಮ್ಮಂಥ ಎಷ್ಟೋ ಮನೆಗಳಿಗೆ ವಿಶ್ವಾಸ ಬಂದದ್ದು ವೆಸ್ಲಿಯನ್ ಮಿಷನ್ನಿನ ಮೂಲಕ. ಆ ಲೆಕ್ಕದಲ್ಲಿ ಅವರು ನಮಗೆ ಹಿರಿಯರು. ಪಟ್ಟಿ ಬರೆಯುವುದರಲ್ಲೂ ಹಿರಿಯರೇ. ಆಕ್ಸ್‌ಫರ್ಡಿನಲ್ಲಿದ್ದಾಗ ಅವರ ಬಳಗವನ್ನು ಜನ ಹಾಸ್ಯ ಮಾಡುತ್ತಿದ್ದದ್ದು ಈ ಕಟ್ಟುನಿಟ್ಟಿಗೇ. ಗಂಟೆಗಂಟೆಗೂ ಏನು ಮಾಡಿದೆ, ಆಗ ಮನಸ್ಸು ಎಷ್ಟು ಭಕ್ತಿಯಲ್ಲಿತ್ತು ಎಂದು ಡೈರಿಯಲ್ಲಿ ಅಂಕ ಹಾಕಿಕೊಳ್ಳುತ್ತಿದ್ದರು. ಅಮೆರಿಕದ ಜಾರ್ಜಿಯಾ ವಸಾಹತಿಗೆ ಬೋಧಕರಾಗಿ ಹೋದಾಗ ಅಲ್ಲಿ ಸೋಫಿಯಾ ಹಾಪ್ಕಿ ಎಂಬ ತರುಣಿಯ ಮೇಲೆ ಮನಸ್ಸಾಯಿತು. ಮದುವೆಯಾಗಲೋ ಬೇಡವೋ ಎಂದು ತಿಂಗಳುಗಟ್ಟಲೆ ಒದ್ದಾಡಿ, ಕೊನೆಗೆ 1737ರ ಮಾರ್ಚಿನಲ್ಲಿ ಪ್ರಾರ್ಥನೆ ಮಾಡಿ ಮೂರು ಚೀಟಿ ಬರೆದರು: ಆಗು, ಈ ವರ್ಷ ಬೇಡ, ಇನ್ನು ಯೋಚಿಸಲೇಬೇಡ. ಗೆಳೆಯ ಎತ್ತಿದ ಚೀಟಿ ಮೂರನೆಯದು. ವೆಸ್ಲಿ ದೇವರ ಚಿತ್ತಕ್ಕೆ ಸಂತೋಷದಿಂದ ತಲೆಬಾಗಿದ್ದಾಗಿ ಬರೆದುಕೊಂಡಿದ್ದಾರೆ.

ಕೆಲವೇ ದಿನಗಳಲ್ಲಿ ಸೋಫಿಯಾ ವಿಲಿಯಮ್ಸನ್ ಎಂಬಾತನನ್ನು ಮದುವೆಯಾದಳು. ಒಪ್ಪಿಸಿಯಾಗಿತ್ತಲ್ಲ? ಆದರೆ ವೆಸ್ಲಿ ತತ್ತರಿಸಿಹೋದರು. ಆಗಸ್ಟಿನಲ್ಲಿ ಅವಳಿಗೆ ಕರ್ತನ ಭೋಜನವನ್ನು ನಿರಾಕರಿಸಿದರು. ಸಭೆಯ ನಿಯಮ ಎಂದು ಕಾರಣ ಕೊಟ್ಟರು. ಗಂಡ ಮೊಕದ್ದಮೆ ಹೂಡಿದ, ಆರೋಪಗಳ ಸರಮಾಲೆಯೇ ಬಂತು, ಡಿಸೆಂಬರಿನಲ್ಲಿ ವೆಸ್ಲಿ ಊರು ಬಿಟ್ಟು ಇಂಗ್ಲೆಂಡಿನ ದಾರಿ ಹಿಡಿದರು. ನಿಯಮದ ಮಾತು ಪೂರ್ತಿ ಸುಳ್ಳಿರಲಿಕ್ಕಿಲ್ಲ. ಆದರೂ ಬಿಟ್ಟುಕೊಟ್ಟೆ ಎಂದುಕೊಂಡ ಮನುಷ್ಯನ ಕೈ ಹೇಗೆ ಇನ್ನೊಂದು ಬಾಗಿಲಿನಿಂದ ಒಳಗೆ ಬರುತ್ತದೆ ಎಂಬುದು ನನಗೆ ಈ ಕತೆಯಲ್ಲಿ ಕಾಣುತ್ತದೆ. ನನ್ನ ಕೈ ಬರುವುದೂ ಆ ಬಾಗಿಲಿನಿಂದಲೇ. ಹುಡುಗನನ್ನು ಮಗಳೇ ಆರಿಸಿಕೊಂಡಳು. ದೇವರ ಚಿತ್ತ ಎಂದು ಎಲ್ಲರಿಗೂ ನಗುನಗುತ್ತ ಹೇಳಿದೆ. ಆಮೇಲೆ ಅಳಿಯ ಆರಾಧನೆಗೆ ತಡವಾಗಿ ಬಂದದ್ದನ್ನೆಲ್ಲ ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳತೊಡಗಿದೆ.

ಹದಿನೆಂಟು ವರ್ಷಗಳ ನಂತರ, 1755ರ ಆಗಸ್ಟ್ 11ರಂದು, ಇದೇ ವೆಸ್ಲಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಒಡಂಬಡಿಕೆಯ ಆರಾಧನೆ ನಡೆಸಿದರು. ಹದಿನೇಳನೆಯ ಶತಮಾನದ ಪ್ಯೂರಿಟನ್ ಬೋಧಕ ರಿಚರ್ಡ್ ಅಲೀನ್ ಪ್ರಕಟಿಸಿದ್ದ ಮಾತುಗಳನ್ನು ಓದಿದರು. ಸುಮಾರು 1800 ಜನ ಎದ್ದು ನಿಂತು ಒಪ್ಪಿಗೆ ಸೂಚಿಸಿದರು. 1947ರಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಮೆಥೊಡಿಸ್ಟರು ತಮ್ಮೊಂದಿಗೆ ತಂದದ್ದರಲ್ಲಿ ಇದೂ ಒಂದು. ನಮ್ಮ ಸಭೆಯಲ್ಲಿ ಜನವರಿಯ ಮೊದಲ ಭಾನುವಾರ ಇದನ್ನು ಓದುತ್ತೇವೆ. ಈಗಿನ ರೂಪ ಇಪ್ಪತ್ತನೆಯ ಶತಮಾನದಲ್ಲಿ ತಿದ್ದಿದ್ದು.

ಅದರಲ್ಲಿ ಬೇಡಿಕೊಳ್ಳುವುದೇನು? ಇಷ್ಟಬಂದ ಕೆಲಸಕ್ಕೆ ಹಚ್ಚು, ಇಷ್ಟಬಂದವರ ಜೊತೆ ಸೇರಿಸು. ದುಡಿಸು ಇಲ್ಲವೆ ನೋಯಿಸು. ತುಂಬು ಇಲ್ಲವೆ ಬರಿದುಮಾಡು. ಇವನ್ನೆಲ್ಲ ದೊಡ್ಡ ದನಿಯಲ್ಲೇ ಓದುತ್ತೇನೆ. ನೋವು ಬಂದರೂ ಅದರಲ್ಲೊಂದು ಮರ್ಯಾದೆ ಇದೆ. ಮೊಣಕಾಲಿನ ಆಪರೇಷನ್ ಆದಾಗ ಬಂದುಹೋದವರೆಲ್ಲ ನನ್ನ ವಿಶ್ವಾಸವನ್ನು ಹೊಗಳಿದರು. ನನ್ನ ದನಿ ಇಳಿಯುವುದು ಇನ್ನೊಂದು ಬೇಡಿಕೆಯ ಹತ್ತಿರ: ನಿನಗಾಗಿ ನನ್ನನ್ನು ಬಳಸು, ಇಲ್ಲವೆ ನಿನಗಾಗಿಯೇ ಪಕ್ಕಕ್ಕಿಡು ಎನ್ನುವಲ್ಲಿ. ಇದು ನನಗೆ ಬೇಡ. ಸಂಡೇಸ್ಕೂಲನ್ನು ಹರೆಯದ ಹುಡುಗಿಗೆ ವಹಿಸೋಣವೇ ಎಂದು ಅಯ್ಯನವರು ಮೆಲ್ಲನೆ ಕೇಳಿದಾಗ, ‘ಅಯ್ಯನವರೇ, ಪ್ರಾರ್ಥನೆ ಮಾಡಿ ಹೇಳ್ತೀನಿ’ ಅಂದೆ. ಉತ್ತರ ಆಗಲೇ ನನ್ನಲ್ಲಿ ಸಿದ್ಧವಿತ್ತು. ಪ್ರಾರ್ಥನೆಗೆ ಕೇಳಿದ ಸಮಯ, ಅವರು ಆ ವಿಷಯ ಮರೆಯಲಿ ಎಂದು. ನಾನು ಬಿಗಿಹಿಡಿದಿರುವುದು ದಿನದ ಪಟ್ಟಿಯನ್ನಲ್ಲ, ನನ್ನಿಂದ ಆಗಬೇಕಾದದ್ದು ಇನ್ನೂ ಇದೆ ಎಂಬ ನಂಬಿಕೆಯನ್ನು. ಪಟ್ಟಿ ಅದರ ದಾಖಲೆ, ಅಷ್ಟೇ.

ಹಾಗೆಂದು ಡೈರಿಯನ್ನು ಒಲೆಗೆ ಹಾಕುವವಳಲ್ಲ ನಾನು. ಏನೂ ಯೋಚಿಸದೆ ಕೂತು ‘ಕರ್ತನು ನಡೆಸುತ್ತಾನೆ’ ಅನ್ನುವವರ ಮನೆಯಲ್ಲಿ ಆ ನಡೆಸುವ ಕೆಲಸವನ್ನು ಸಾಮಾನ್ಯವಾಗಿ ಯಾರೋ ಒಬ್ಬ ಹೆಂಗಸು ಮಾಡುತ್ತಿರುತ್ತಾಳೆ. ಯಾಕೋಬನ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ಬೈಸಿಕೊಳ್ಳುವ ವ್ಯಾಪಾರಿಗಳ ತಪ್ಪು ಲೆಕ್ಕ ಹಾಕಿದ್ದಲ್ಲ, ನಾಳೆ ತಮ್ಮದೇ ಎಂದು ಜಂಬ ಕೊಚ್ಚಿದ್ದು. ಪೌಲನಂತೂ ಮಹಾ ಯೋಜನೆಗಾರ. ಎಫೆಸದಲ್ಲಿ ಪಂಚಾಶತ್ತಮದ ತನಕ ಇರುತ್ತೇನೆ, ರೋಮಾಪುರದ ಮೇಲೆ ಹಾದು ಸ್ಪೇನಿಗೆ ಹೋಗುತ್ತೇನೆ ಎಂದೆಲ್ಲ ಪತ್ರ ಬರೆಯುತ್ತಾನೆ. ಬಿಥೂನ್ಯಕ್ಕೆ ಹೊರಟರೆ ಆತ್ಮನು ಬಿಡಲಿಲ್ಲ. ಸುತ್ತಿಕೊಂಡು ಮಕೆದೋನ್ಯಕ್ಕೆ ಹೋದ. ಕೊರಿಂಥಕ್ಕೆ ಬರುತ್ತೇನೆಂದು ಹೇಳಿ ಬರದೇ ಹೋದದ್ದಕ್ಕೆ ಅಲ್ಲಿಯವರು ಅವನನ್ನು ಚಂಚಲ ಎಂದರು, ಎರಡನೆಯ ಪತ್ರದಲ್ಲಿ ಅವನು ಸಮಜಾಯಿಷಿ ಕೊಡಬೇಕಾಯಿತು. ರೋಮಾಪುರ ಸೇರಿದ್ದು ಕೊನೆಗೂ ಕೈದಿಯಾಗಿ. ಅವನ ಪಟ್ಟಿಯಲ್ಲಿ ಹೊಡೆದುಹಾಕಿದ ಗೆರೆಗಳೇ ಹೆಚ್ಚು, ಆದರೂ ಮುಂದಿನ ಪಟ್ಟಿ ಬರೆಯುವುದನ್ನು ಅವನು ಬಿಡಲಿಲ್ಲ.

ನನ್ನ ಪಟ್ಟಿಯಲ್ಲಿ ಗೆರೆ ಹೊಡೆಯಲು ದೇವರು ದರ್ಶನವೇನೂ ಕಳಿಸುವುದಿಲ್ಲ. ಹಿಂದಿನ ಬೀದಿಯ ಹಿರಿಯಮ್ಮನನ್ನು ಕಳಿಸುತ್ತಾನೆ. ಪಿಂಚಣಿಯ ಕಾಗದ ಓದಿ ಹೇಳು ಎಂದು ಬಂದು, ಸೊಸೆಯ ವಿಷಯ ಎತ್ತಿ, ಎರಡು ಲೋಟ ಕಾಫಿ ಕುಡಿದು ಹೋಗುವಷ್ಟರಲ್ಲಿ ನನ್ನ ಬೆಳಗು ಮುಗಿದಿರುತ್ತದೆ. ಜರ್ಮನಿಯ ಬೋಧಕ ಡೀಟ್ರಿಶ್ ಬೊನ್‌ಹೊಫರ್ 1939ರಲ್ಲಿ ಪ್ರಕಟಿಸಿದ ಪುಟ್ಟ ಪುಸ್ತಕದಲ್ಲಿ ಇದನ್ನೇ ಹೇಳಿದ್ದಾರೆ: ನಮ್ಮ ಯೋಜನೆಗಳನ್ನು ದೇವರು ರದ್ದು ಮಾಡುವುದು ಏನನ್ನೋ ಕೇಳಿಕೊಂಡು ಬರುವ ಮನುಷ್ಯರ ಮೂಲಕ, ಗಾಯಗೊಂಡು ಬಿದ್ದವನನ್ನು ದಾಟಿಹೋದ ಆ ಯಾಜಕನ ಹಾಗೆ ನಾವೂ ದೇವರ ಕೆಲಸದಲ್ಲೇ ಮುಳುಗಿ ದಾಟಿಹೋಗುತ್ತೇವೆ. ಓದಿದೆ, ಗೆರೆ ಎಳೆದೆ. ಮರುದಿನ ಹಿರಿಯಮ್ಮ ಬಂದಾಗ ಗಡಿಯಾರ ನೋಡಿದೆ. ಈಗಲೂ ನೋಡುತ್ತೇನೆ. ಅವರಿಗೆ ಕಾಣದ ಹಾಗೆ ನೋಡುವುದನ್ನು ಕಲಿತಿರುವುದೇ ನನ್ನ ಪ್ರಗತಿ.

ಒಂದು ವಿಷಯ ಮಾತ್ರ ನಮ್ಮ ಸಭಾಪಾಲಕರನ್ನು ಕೇಳಿಕೊಳ್ಳಬೇಕೆಂದಿದ್ದೇನೆ. 1755ರಲ್ಲಿ ವೆಸ್ಲಿಯವರು ಆ ಪ್ರಾರ್ಥನೆಯನ್ನು ಜನರ ಬಾಯಿಗೆ ನೇರವಾಗಿ ಇಡಲಿಲ್ಲ. ಮುಂಚಿನ ಕೆಲವು ದಿನ ಅದರ ಅರ್ಥ ಬಿಡಿಸಿ ಹೇಳಿ, ಯೋಚಿಸಲು ಬಿಟ್ಟು, ಆಮೇಲೆ ಎದ್ದು ನಿಲ್ಲಿ ಎಂದರು. ನಾವೋ ಹೊಸವರ್ಷದ ಕೇಕಿನ ಸಿಹಿ ಬಾಯಲ್ಲಿರುವಾಗಲೇ ಪುಟ ತೆರೆದು ಒಂದೇ ಉಸಿರಿಗೆ ಓದಿ ಮುಗಿಸುತ್ತೇವೆ. ದಯವಿಟ್ಟು ಕ್ರಿಸ್‌ಮಸ್ ಕಳೆದ ಕೂಡಲೆ ಆ ಪುಟದ ಪ್ರತಿಯನ್ನು ಮನೆಮನೆಗೆ ಕೊಡಿ. ಒಂದು ವಾರ ಇಟ್ಟುಕೊಂಡು ಓದುತ್ತೇವೆ. ಯಾವ ಮಾತನ್ನು ಹೇಳಲು ಆಗುವುದಿಲ್ಲವೋ ಅಲ್ಲಿ ಬಾಯಿ ಮುಚ್ಚಿ ನಿಲ್ಲುವ ಅನುಮತಿಯನ್ನೂ ಕೊಡಿ. ಬರುವ ಜನವರಿಯಲ್ಲಿ ಹಾಗೆ ನಿಲ್ಲುವವರಲ್ಲಿ ನಾನೂ ಒಬ್ಬಳಿರುತ್ತೇನೆ.